ಹಿಂಗಾರಿ ಜೋಳದ ತೆನೆಯಲ್ಲಿ ಕಾಳಿನ ಬದಲು ಕರಿ ಪುಡಿ: ಇದೇ ಬೀಜ ಮುಂದಿನ ವರ್ಷಕ್ಕೆ ಇಡಬಹುದಾ?

ಎರೆಹೊಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ ಜಿಲ್ಲೆ, ಎರೆ ಭೂಮಿ, ಮಳೆ ನಂಬಿದ ಬೇಸಾಯ. ಮೂರು ಎಕರೆ ಹಿಂಗಾರಿ ಜೋಳ ಇದೆ, ಮಾಲದಂಡಿ ತಳಿ. ಬೀಜ ಮನೆಯದೇ. ಸೆಪ್ಟೆಂಬರ್ ಕೊನೆಗೆ ಬಿತ್ತಿದ್ದೆವು. ಹಸಿ ಚೆನ್ನಾಗಿತ್ತು, ತೆನೆ ಹೊರಡುವವರೆಗೂ ಒಂದು ತಕರಾರಿರಲಿಲ್ಲ.

ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಮನೆಮಂದಿ ಎಲ್ಲಾ ಹೊಲಕ್ಕೆ ಹೋಗಿದ್ದೆವು. ಅಲ್ಲಿ ಅವ್ವ ಒಂದು ತೆನೆ ಹಿಡಿದು ಹಾಗೇ ನಿಂತುಬಿಟ್ಟಳು. ದೂರದಿಂದ ನೋಡಿದರೆ ತುಂಬಿದ ತೆನೆ. ಹತ್ತಿರ ಹೋದರೆ ಕಾಳು ಕಾಳಿನ ಹಾಗಿಲ್ಲ. ದುಂಡಗೆ ಇರಬೇಕಾದ್ದು ಉದ್ದವಾಗಿ, ಮಾಸಿದ ಬಿಳಿ ಬಣ್ಣದ ಪುಟ್ಟ ಚೀಲದ ಥರ ಹೊರಗೆ ಚಾಚಿಕೊಂಡಿದೆ. ಉಗುರಿನಿಂದ ಒತ್ತಿದೆ. ಪೊರೆ ಹರಿದು ಒಳಗಿಂದ ಕರಿ ಪುಡಿ ಉದುರಿತು, ಹೆಂಚಿನ ತಳದ ಮಸಿ ಇದ್ದಂತೆ. ಪುಡಿ ಎಲ್ಲಾ ಕೊಡವಿದ ಮೇಲೆ ನಡುವೆ ಒಂದು ಸಣ್ಣ ಮುಳ್ಳಿನಂಥ ಕಡ್ಡಿ ಮಾತ್ರ ಉಳಿಯಿತು. ಕೈ ತೊಳೆದರೂ ಅಂಗೈ ಗೆರೆಗಳಲ್ಲಿ ಕರಿ ಹಾಗೇ ಇತ್ತು.

ಆವತ್ತೇ ಮಧ್ಯಾಹ್ನ ಒಂದು ಸಾಲು ಹಿಡಿದು ನೂರು ಗಿಡ ಎಣಿಸಿದೆ. ಹದಿನಾಲ್ಕರಲ್ಲಿ ಹೀಗಿತ್ತು. ಕೆಲವು ತೆನೆ ಪೂರ್ತಿ, ಕೆಲವು ಅರ್ಧ. ಬದುವಿನ ಆಚೆ ಚಿಕ್ಕಪ್ಪನ ಹೊಲ. ಅದೇ ಮಣ್ಣು, ಅದೇ ವಾರ ಬಿತ್ತಿದ್ದು, ಆದರೆ ಅವರು ಪ್ಯಾಕೆಟ್ ಬೀಜ ತಂದಿದ್ದರು. ಅಲ್ಲಿ ಹುಡುಕಿ ಹುಡುಕಿ ನೋಡಿದರೂ ಇಂಥ ಒಂದು ತೆನೆ ಸಿಗಲಿಲ್ಲ.

ಮರುದಿನ ಪೇಟೆಗೆ ಹೋಗಿ ಔಷಧಿ ಅಂಗಡಿಯಲ್ಲಿ ತೆನೆ ತೋರಿಸಿದೆ. ಹೊಡೆದರೆ ನಿಲ್ಲುತ್ತದೆ ಅಂತ ಒಂದು ಬಾಟಲಿ ಕೊಟ್ಟರು. ಔಷಧಿ, ಆಳು, ಪಂಪಿನ ಬಾಡಿಗೆ ಎಲ್ಲಾ ಸೇರಿ ಮೂರು ಸಾವಿರ ದಾಟಿತು. ಹದಿನೈದು ದಿನ ಆಯಿತು, ಒಂದು ಕಾಳೂ ಬದಲಾಗಿಲ್ಲ.

ಕೇಳಬೇಕಾದ್ದು ಇಷ್ಟು. ಈಗ ಬೆಳೆ ಉಳಿಸಿಕೊಳ್ಳಲು ಏನಾದರೂ ಮಾಡಬಹುದಾ? ಕಣಿಕೆ ದನಕ್ಕೆ ಹಾಕಬಹುದಾ? ಉಳಿದ ಜೋಳ ರೊಟ್ಟಿಗೆ ಆಗುತ್ತಾ? ಎಲ್ಲಕ್ಕಿಂತ ಮುಖ್ಯವಾಗಿ ಬೀಜ. ಇದು ನಮ್ಮಜ್ಜನ ಕಾಲದಿಂದ ಮನೆಯಲ್ಲಿ ನಡೆದು ಬಂದದ್ದು. ಇದರ ರೊಟ್ಟಿ ಸಂಜೆಯವರೆಗೂ ಮೆತ್ತಗಿರುತ್ತದೆ, ಕಣಿಕೆಯನ್ನು ದನ ಒಂದು ಎಸಳೂ ಬಿಡದಂತೆ ತಿನ್ನುತ್ತವೆ. ಇದನ್ನು ಕಳೆದುಕೊಳ್ಳಲು ಮನಸ್ಸಿಲ್ಲ.

ಕೂರಿಗೆ

ತಮ್ಮಾ, ಇದು ಕಾಡಿಗೆ ರೋಗ. ನಾನು ಗದಗ ಕಡೆಯವನು, ನಲವತ್ತು ವರ್ಷದಿಂದ ಜೋಳ ಬಿತ್ತುತ್ತಿದ್ದೇನೆ. ಕಣ್ಣಿಗೆ ಹಚ್ಚುವ ಕಾಡಿಗೆ ಇದ್ದ ಹಾಗೆ ಪುಡಿ ಇರುವುದಕ್ಕೇ ಆ ಹೆಸರು.

ಮೊದಲು ಒಂದು ಮಾತು. ಇನ್ನು ಹೊಡೆಯುವ ಔಷಧಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಈಗ ಕೆಟ್ಟ ಕಾಳು ಮತ್ತೆ ಕಾಳಾಗುವುದಿಲ್ಲ.

ನೀವು ಈಗ ಮಾಡಬೇಕಾದ್ದು ಕೊಯ್ಲಿಗೆ ಮುಂಚೆ ಆ ತೆನೆಗಳನ್ನು ಹೊರಗೆ ಹಾಕುವುದು. ಬೆಳಗ್ಗೆ ಇಬ್ಬನಿ ಇದ್ದಾಗಲೇ ಹೋಗಿ, ಆಗ ಪುಡಿ ಹಾರುವುದು ಕಡಿಮೆ. ಮೊದಲು ತೆನೆಯ ಮೇಲೆ ಚೀಲ ಇಳಿಸಿ, ಆಮೇಲೆ ಕುಡುಗೋಲಿನಿಂದ ಕೊಯ್ಯಿರಿ. ಕೊಯ್ದು ಆಮೇಲೆ ಚೀಲಕ್ಕೆ ತುರುಕಲು ಹೋದರೆ ತೆನೆಯಲ್ಲಿರುವ ಪುಡಿಯ ಪುಟ್ಟ ಚೀಲಗಳು ಒಡೆದು ಅರ್ಧ ಪುಡಿ ಅಲ್ಲೇ ಚೆಲ್ಲುತ್ತದೆ. ನಾವು ಹಳೆ ಅರಿವೆ ಚೀಲದಲ್ಲಿ ತುಂಬಿ, ಹೊಲದಲ್ಲೇ ಒಲೆ ಹೂಡಿ, ಕುದಿಯುವ ನೀರಿಗೆ ಚೀಲ ಸಮೇತ ಅದ್ದುತ್ತಿದ್ದೆವು. ಆಗದಿದ್ದರೆ ಆಳ ಗುಂಡಿ ತೋಡಿ ಹೂಳಿ. ಬದುವಿನ ಮೇಲೆ ಎಸೆಯಬೇಡಿ, ತಿಪ್ಪೆಗೂ ಹಾಕಬೇಡಿ.

ಕಣಿಕೆ ಹಾಕಬಹುದು. ಕಾಡಿಗೆ ತೆನೆ ತೆಗೆದ ಮೇಲೆ ಉಳಿದ ದಂಟು ನಾವು ಯಾವಾಗಲೂ ದನಕ್ಕೆ ಹಾಕಿದ್ದೇವೆ. ರೊಟ್ಟಿಗೂ ಒಳ್ಳೆ ತೆನೆಯ ಜೋಳ ಧಾರಾಳವಾಗಿ ಬಳಸಿ, ಆದರೆ ಕಾಡಿಗೆ ತೆನೆ ರಾಶಿಯಲ್ಲಿ ಸೇರಿಬಿಟ್ಟರೆ ಕಾಳಿಗೆಲ್ಲಾ ಮಸಿ ಅಂಟುತ್ತದೆ. ಆಗ ಹಿಟ್ಟು ಬೂದು ಬಣ್ಣಕ್ಕೆ ತಿರುಗಿ ರೊಟ್ಟಿ ಕಪ್ಪಾಗುತ್ತದೆ. ವ್ಯಾಪಾರಿ ಒಂದು ಮುಷ್ಟಿ ಎತ್ತಿ ನೋಡಿದ ಕೂಡಲೇ ದರ ಇಳಿಸುತ್ತಾನೆ. ರಾಶಿ ಮಾಡುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಪುಡಿ ಎದೆಗೆ ಇಳಿದರೆ ಕೆಮ್ಮು ಬಿಡುವುದಿಲ್ಲ.

ಆ ಹೊಲದಲ್ಲಿ ಎರಡು ವರ್ಷ ಜೋಳ ಬಿತ್ತಬೇಡಿ, ಕಡಲೆ ಹಾಕಿ. ರೋಗ ಮಣ್ಣಿಗೆ ಇಳಿದಿರುತ್ತದೆ.

ಸೂಕ್ಷ್ಮದರ್ಶಕ

ಕೂರಿಗೆ ಅಣ್ಣ ಹೇಳಿದ್ದು ಒಂದನ್ನು ಬಿಟ್ಟು ಎಲ್ಲಾ ಸರಿ, ಆ ಒಂದಕ್ಕೆ ಆಮೇಲೆ ಬರುತ್ತೇನೆ. ನಾನು ಧಾರವಾಡದಲ್ಲಿ ಸಸ್ಯರೋಗ ಓದಿದವಳು, ಕಾಡಿಗೆ ನನಗೆ ತುಂಬಾ ಇಷ್ಟದ ವಿಷಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎರೆಹೊಲ ಅವರೇ, ನಿಮ್ಮ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಚಿಕ್ಕಪ್ಪನ ಹೊಲ. ಮಣ್ಣು ಒಂದೇ, ಗಾಳಿ ಒಂದೇ, ಬಿತ್ತಿದ ವಾರ ಒಂದೇ. ಬೇರೆ ಇದ್ದದ್ದು ಬೀಜ ಮಾತ್ರ. ರೋಗ ಬಂದದ್ದು ಬೀಜದ ಜೊತೆಗೇ.

ನಡೆಯುವುದು ಹೀಗೆ. ಕಳೆದ ವರ್ಷ ರಾಶಿ ಮಾಡುವಾಗ ಎಲ್ಲೋ ನಾಲ್ಕು ಕಾಡಿಗೆ ತೆನೆ ಸೇರಿಕೊಂಡಿವೆ. ಯಂತ್ರದಲ್ಲೋ ಕಣದಲ್ಲೋ ಆ ಚೀಲಗಳು ಒಡೆದು ಪುಡಿ ಎಲ್ಲಾ ಕಾಳಿಗೆ ಅಂಟಿದೆ. ನೀವು ನೋಡಿದ ಒಂದು ಚಿಟಿಕೆ ಪುಡಿಯಲ್ಲಿ ರೋಗ ತರುವ ಶಿಲೀಂಧ್ರದ ಲೆಕ್ಕವಿಲ್ಲದಷ್ಟು ಬೀಜಕಣಗಳಿರುತ್ತವೆ. ಒಣಗಿದ ಜಾಗದಲ್ಲಿ ಅವು ವರ್ಷಗಟ್ಟಲೆ ಸಾಯದೆ ಇರುತ್ತವೆ. ನೀವು ಸೆಪ್ಟೆಂಬರ್‌ನಲ್ಲಿ ಬಿತ್ತಿದಾಗ ಜೋಳ ಮೊಳೆಯಲು ಬೇಕಾದ ಹಸಿಯೇ ಅವಕ್ಕೂ ಸಾಕಾಯಿತು. ಜೋಳದ ಮೊಳಕೆ ಮಣ್ಣಿನಿಂದ ಮೇಲೆ ಬರುವುದರೊಳಗೆ ಶಿಲೀಂಧ್ರ ಅದರೊಳಗೆ ಹೊಕ್ಕಿತು. ಅಲ್ಲಿಂದ ಮುಂದೆ ಗಿಡದ ಸುಳಿಯ ಜೊತೆ ಜೊತೆಗೇ ಮೇಲಕ್ಕೆ ಏರಿತು. ಎಲೆಯಲ್ಲಿ ಚುಕ್ಕೆ ಇಲ್ಲ, ದಂಟಿನಲ್ಲಿ ಗುರುತಿಲ್ಲ, ಗಿಡ ನೋಡಲು ಆರೋಗ್ಯವಾಗಿಯೇ ಇರುತ್ತದೆ. ಮೂರು ತಿಂಗಳು ಸುಮ್ನೆ ಇದ್ದು, ತೆನೆ ಕಟ್ಟುವಾಗ ಕಾಳು ಆಗಬೇಕಾದ ಜಾಗವನ್ನೇ ತಿಂದು ತನ್ನ ಪುಡಿ ತುಂಬಿತು. ನಡುವಿನ ಮುಳ್ಳಿನಂಥ ಕಡ್ಡಿ ಗಿಡದ್ದೇ ಅಂಗಾಂಶ, ಅಷ್ಟನ್ನು ಮಾತ್ರ ಉಳಿಸಿತು.

ನೀವು ಔಷಧಿ ಹೊಡೆಯುವ ಹೊತ್ತಿಗೆ ರೋಗ ಬಂದು ಮೂರು ತಿಂಗಳಾಗಿತ್ತು. ತೆನೆಯಲ್ಲಿ ಕಂಡ ರೋಗವನ್ನು ತೆನೆಯಲ್ಲಿ ಹಿಡಿಯಲು ಆಗುವುದಿಲ್ಲ. ಇದು ಅಂಗಡಿಯವರಿಗೂ ಗೊತ್ತಿರಬೇಕಿತ್ತು, ನಿಮ್ಮ ಮೂರು ಸಾವಿರ ಹೋದದ್ದಕ್ಕೆ ನನಗೆ ನಿಜಕ್ಕೂ ಬೇಸರವಾಯಿತು.

ಈಗ ಅಣ್ಣನ ಮಾತಿಗೆ ಬರುತ್ತೇನೆ. ಮಣ್ಣಿಗೆ ಇಳಿಯುವ ಕಾಡಿಗೆ ಇದೆ, ಆದರೆ ಇದು ಅದಲ್ಲ. ಜೋಳಕ್ಕೆ ಬರುವ ಕಾಡಿಗೆ ನಾಲ್ಕು ಥರ. ನಿಮ್ಮದು ಕಾಳು ಕಾಡಿಗೆ, ಸ್ಪೊರಿಸೋರಿಯಂ ಸೋರ್ಗಿ ಎಂಬ ಶಿಲೀಂಧ್ರ. ಪೊರೆ ಗಟ್ಟಿ, ರಾಶಿಯವರೆಗೂ ಒಡೆಯುವುದಿಲ್ಲ. ಇನ್ನೊಂದು ಬಿಡಿ ಕಾಡಿಗೆ. ಅದರ ಪೊರೆ ತೆಳು, ತೆನೆ ಹೊರಬಂದ ಸ್ವಲ್ಪ ದಿನಕ್ಕೇ ಹರಿದು ಪುಡಿ ಹಾರಿಹೋಗಿ ಉದ್ದನೆಯ ಬಾಗಿದ ಕಡ್ಡಿಗಳು ಉಳಿಯುತ್ತವೆ, ಗಿಡವೂ ಗಿಡ್ಡಗಾಗುತ್ತದೆ. ಅದೂ ಬೀಜದಿಂದಲೇ ಬರುವುದು. ಮೂರನೆಯದು ತೆನೆ ಕಾಡಿಗೆ. ಅದರಲ್ಲಿ ಕಾಳು ಕಾಳಾಗಿ ಅಲ್ಲ, ಇಡೀ ತೆನೆಯೇ ಒಂದು ದೊಡ್ಡ ಬಿಳಿ ಗಂಟಾಗಿ ಹೊರಬರುತ್ತದೆ, ಒಡೆದ ಮೇಲೆ ಕರಿ ಕೂದಲಿನ ಸಿಕ್ಕಿನಂತೆ ನಾರು ಉಳಿಯುತ್ತದೆ. ಅಣ್ಣ ಹೇಳಿದ್ದು ಇದಕ್ಕೆ ನೂರಕ್ಕೆ ನೂರು ಸರಿ. ಇದು ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ, ಬೆಳೆ ಬದಲಿಸಲೇಬೇಕು. ನಾಲ್ಕನೆಯದು ಉದ್ದ ಕಾಡಿಗೆ. ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಕಾಳು ಮಾತ್ರ ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಕೊಳವೆಯಾಗುತ್ತದೆ. ಅದು ಹೂ ಬಿಡುವ ಹೊತ್ತಿಗೆ ಗಾಳಿಯಲ್ಲಿ ಬರುವುದರಿಂದ ಬೀಜಕ್ಕೆ ಏನು ಹಚ್ಚಿದರೂ ಪೂರ್ತಿ ನಿಲ್ಲುವುದಿಲ್ಲ.

ಎಲ್ಲಾ ಕರಿ ಪುಡಿಯೇ, ಎಲ್ಲಾ ಕಾಡಿಗೆಯೇ. ಆದರೆ ಒಂದು ಬೀಜದ ಸಿಪ್ಪೆ ಮೇಲೆ ಕೂತಿರುತ್ತದೆ, ಒಂದು ಮಣ್ಣಿನಲ್ಲಿ, ಒಂದು ಗಾಳಿಯಲ್ಲಿ. ಎಲ್ಲಿ ಕೂತಿದೆ ಅಂತ ಮೊದಲು ಗೊತ್ತು ಮಾಡಿಕೊಳ್ಳಬೇಕು, ಆಮೇಲೆ ಮದ್ದು.

ನಿಮ್ಮದು ಸಿಪ್ಪೆಯ ಮೇಲಿರುವುದು. ಅಂದರೆ ನಾಲ್ಕರಲ್ಲಿ ಎಲ್ಲಕ್ಕಿಂತ ಸುಲಭವಾಗಿ ಹೋಗುವಂಥದ್ದು. ಬಿತ್ತುವ ಮುಂಚೆ ಒಂದು ಕಿಲೋ ಬೀಜಕ್ಕೆ 4 ಗ್ರಾಂ ನಯವಾದ ಗಂಧಕದ ಪುಡಿ ಹಚ್ಚಿ, ಅಂಗಡಿಯಲ್ಲಿ 300 ಮೆಷ್ ಅಂತ ಕೇಳಿ, ಅಂದರೆ ತೀರಾ ಸಣ್ಣ ಜರಡಿಯಲ್ಲಿ ಇಳಿಯುವಷ್ಟು ನಯ. ಎಕರೆಗೆ ಮೂರು ಕಿಲೋ ಬೀಜ ಹಾಕಿದರೆ 12 ಗ್ರಾಂ. ನಿಮ್ಮ ಮೂರು ಎಕರೆಗೆ 36 ಗ್ರಾಂ. ಅಷ್ಟೇ. ಒಂದು ಮುಷ್ಟಿಯೂ ತುಂಬುವುದಿಲ್ಲ.

ಎರೆಹೊಲ

ಅಕ್ಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಅಣ್ಣಾ, ನಿಮಗೂ. ಇವತ್ತು ಬೆಳಗ್ಗೆ ಇಬ್ಬನಿಯಲ್ಲೇ ನಾನೂ ತಂಗಿಯೂ ಹೋಗಿ ಒಂದು ಎಕರೆ ಮುಗಿಸಿದೆವು. ಎರಡು ಚೀಲ ತುಂಬಿದವು.

ಒಂದು ಅನುಮಾನ. ಇದೇ ಬೀಜವನ್ನು ಇಷ್ಟು ವರ್ಷ ಬಿತ್ತಿದ್ದೇವೆ, ಗಂಧಕ ಗಿಂಧಕ ಯಾವತ್ತೂ ಹಚ್ಚಿಲ್ಲ. ಆಗ ಬರದ ರೋಗ ಈಗ ಯಾಕೆ ಬಂತು? ಅವ್ವನ ಹತ್ತಿರ ಕೂತು ಕೇಳಿದೆ. ಮೊದಲು ಅವಳೇ ಕೊಯ್ಲಿಗೆ ಎಂಟು ದಿನ ಮುಂಚೆ ಹೊಲದಲ್ಲಿ ಓಡಾಡಿ, ಒಳ್ಳೆ ತೆನೆ ಆರಿಸಿ, ಕೊಯ್ದು ತಂದು ಜಂತಿಗೆ ಕಟ್ಟುತ್ತಿದ್ದಳು. ಅವನ್ನು ಬೇರೆಯಾಗಿ ಒಂದು ಸೀರೆಯ ಮೇಲೆ ಕೋಲಿನಿಂದ ಬಡಿದು, ಬೂದಿ ಕಲಸಿ, ಬೇವಿನ ಎಲೆ ಹಾಕಿ ಗಡಿಗೆಯಲ್ಲಿ ಇಡುತ್ತಿದ್ದಳು. ನಾಲ್ಕು ವರ್ಷದ ಹಿಂದೆ ಅವಳಿಗೆ ಮೊಣಕಾಲು ನೋವು ಶುರುವಾಯಿತು. ಆವಾಗಿನಿಂದ ಯಂತ್ರದಲ್ಲಿ ರಾಶಿ ಮಾಡಿದ ಮೇಲೆ ಅದೇ ರಾಶಿಯಿಂದ ಹತ್ತು ಕಿಲೋ ತೆಗೆದು ಬೀಜಕ್ಕೆ ಇಡುತ್ತಿದ್ದೇವೆ. ಹೋದ ವರ್ಷ ಅಲ್ಲೊಂದು ಇಲ್ಲೊಂದು ಕರಿ ತೆನೆ ಕಂಡಿದ್ದು ನನಗೆ ಈಗ ನೆನಪಾಗುತ್ತಿದೆ. ಆಗ ಗಮನ ಕೊಡಲಿಲ್ಲ.

ಸೂಕ್ಷ್ಮದರ್ಶಕ

ಇದನ್ನು ಓದಿ ನಾನು ನಮ್ಮ ಮನೆಯವರಿಗೆಲ್ಲಾ ಓದಿ ಹೇಳಿದೆ. ನಿಮ್ಮ ಅವ್ವ ಮಾಡುತ್ತಿದ್ದದ್ದೇ ಔಷಧಿ.

ನೋಡಿ, ಕಾಳು ಕಾಡಿಗೆಯ ಚೀಲ ಹೊಲದಲ್ಲಿ ತಾನಾಗಿ ಒಡೆಯುವುದು ಕಡಿಮೆ. ಒಡೆಯುವುದು ಬಡಿದಾಗ. ಅವರು ಆರಿಸಿದ ತೆನೆಯಲ್ಲಿ ಕಾಡಿಗೆ ಇರುತ್ತಿರಲಿಲ್ಲ, ಕಣ್ಣಿಗೆ ಕಂಡದ್ದನ್ನು ಅವರು ಮುಟ್ಟುತ್ತಲೇ ಇರಲಿಲ್ಲ. ಅವನ್ನು ಬೇರೆ ಬಡಿದದ್ದರಿಂದ ಉಳಿದ ರಾಶಿಯ ಪುಡಿ ಇದಕ್ಕೆ ತಾಗಲಿಲ್ಲ. ಯಂತ್ರಕ್ಕೆ ಎಲ್ಲಾ ತೆನೆ ಒಟ್ಟಿಗೆ ಹೋದ ದಿನ ಒಂದು ಕೆಟ್ಟ ತೆನೆಯ ಪುಡಿ ಸಾವಿರ ತೆನೆಯ ಕಾಳಿಗೆ ಹತ್ತಿತು. ಅದರಲ್ಲೂ ಒಂದೇ ಯಂತ್ರ ಊರಿನ ಎಲ್ಲರ ಹೊಲಕ್ಕೂ ಹೋಗುತ್ತದೆ ಅಲ್ವಾ? ನಿಮಗಿಂತ ಮುಂಚೆ ರಾಶಿ ಮಾಡಿದವರ ಪುಡಿಯೂ ಅದರೊಳಗೆ ಇರಬಹುದು. ಮೊದಲ ವರ್ಷ ಯಾರ ಕಣ್ಣಿಗೂ ಬೀಳದಷ್ಟು, ಎರಡನೇ ವರ್ಷ ಅಲ್ಲೊಂದು ಇಲ್ಲೊಂದು, ಈಗ ನೂರಕ್ಕೆ ಹದಿನಾಲ್ಕು. ಹೀಗೇ ಬಿಟ್ಟರೆ ಬರುವ ವರ್ಷ ಇನ್ನೂ ಜಾಸ್ತಿ.

ಅವರಿಗೆ ಹೊಲದಲ್ಲಿ ಓಡಾಡಲು ಆಗದಿದ್ದರೆ ಬದುವಿನ ಮೇಲೆ ಕೂರಿಸಿ, ನೀವು ತೆನೆ ತಂದು ತೋರಿಸಿ. ಆರಿಸುವ ಕಣ್ಣು ಅವರದು.

ಹಳೆ ಕಾಗದ

ಈ ಮಾತಿಗೆ ಒಂದು ಹಳೆಯ ಕಥೆ ಸೇರಿಸಲೇಬೇಕು, ಯಾಕೆಂದರೆ ಎರೆಹೊಲ ಅವರ ಬದುವಿನ ಆಚೆ ಈಚೆ ಕಂಡದ್ದನ್ನೇ ಫ್ರಾನ್ಸಿನಲ್ಲಿ ಒಬ್ಬರು ಬೇಕೆಂದೇ ಮಾಡಿ ನೋಡಿದ್ದರು. ಮಾಥ್ಯೂ ಟಿಲೆ ಅಂತ, ಟ್ರುವಾ ಊರಿನ ಟಂಕಸಾಲೆಯ ಅಧಿಕಾರಿ, ಅಂದರೆ ನಾಣ್ಯ ಅಚ್ಚು ಹಾಕುವ ಕಡೆ ಕೆಲಸ. ಗೋಧಿಗೆ ಬರುವ ನಾರುವ ಕಾಡಿಗೆ ಎಲ್ಲಿಂದ ಬರುತ್ತದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಮಂಜು ಅಂದರು, ಗೊಬ್ಬರ ಅಂದರು, ಮಳೆ ಅಂದರು. ಅವರು ಹೊಲವನ್ನು ತುಂಡು ತುಂಡಾಗಿ ಹಂಚಿ, ಕೆಲವು ಕಡೆ ಕರಿ ಪುಡಿ ಸವರಿದ ಬೀಜ, ಕೆಲವು ಕಡೆ ಚೊಕ್ಕ ಬೀಜ ಬಿತ್ತಿದರು. ಪುಡಿ ಸವರಿದ ಕಡೆ ರೋಗ ಜಾಸ್ತಿ ಬಂತು. 1755ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಆದರೂ ಆ ಪುಡಿ ಒಂದು ಜೀವ ಅಂತ ಅವರಿಗೆ ಹೊಳೆಯಲಿಲ್ಲ, ಒಂದು ಥರದ ವಿಷ ಅಂದುಕೊಂಡರು.

1807ರ ಹೊತ್ತಿಗೆ ಅದೇ ದೇಶದ ಮೊಂತೊಬಾನ್‌ನಲ್ಲಿದ್ದ ಬೆನೆಡಿಕ್ಟ್ ಪ್ರೆವೋ ಆ ಕಣಗಳು ನೀರಿನಲ್ಲಿ ಮೊಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ತಾಮ್ರದ ಅಂಶ ಇದ್ದ ನೀರಿನಲ್ಲಿ ಮೊಳೆಯದೆ ಇದ್ದದ್ದನ್ನೂ ಕಂಡರು. ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದುವ ಪದ್ಧತಿಗೆ ಅದು ದಾರಿಯಾಯಿತು. ಒಂದು ಗಿಡದ ರೋಗಕ್ಕೆ ಕಣ್ಣಿಗೆ ಕಾಣದ ಜೀವಿ ಕಾರಣ ಅಂತ ತೋರಿಸಿದ ಮೊದಲಿನವರಲ್ಲಿ ಅವರೊಬ್ಬರು, ರೋಗಾಣುಗಳ ವಿಷಯದಲ್ಲಿ ಹೆಸರಾದ ಪಾಶ್ಚರ್ ಆಗಿನ್ನೂ ಹುಟ್ಟಿರಲಿಲ್ಲ.

ನಮ್ಮ ಕಡೆಗೆ ಬಂದರೆ, ಧಾರವಾಡ, ಬಿಜಾಪುರ, ಬೆಳಗಾವಿ ಎಲ್ಲಾ ಮುಂಬೈ ಪ್ರಾಂತದಲ್ಲಿದ್ದ ಕಾಲದಲ್ಲಿ, 1918ರಲ್ಲಿ, ಜಿ. ಎಸ್. ಕುಲಕರ್ಣಿ ಎಂಬ ಶಿಲೀಂಧ್ರ ತಜ್ಞರು ಆ ಪ್ರಾಂತದ ಜೋಳದ ಕಾಡಿಗೆ ಬಗ್ಗೆಯೇ ಒಂದು ವರದಿ ಬರೆದರು. ಎರೆ ನಾಡಿನ ರೈತನಿಗೆ ಇದು ಎಷ್ಟು ಹಳೆಯ ನೋವು ಅಂತ ಅದರಿಂದಲೇ ಗೊತ್ತಾಗುತ್ತದೆ. ರಾಗಿಯ ಕಾಡಿಗೆಯನ್ನು ಮೊದಲು ವಿವರಿಸಿದವರೂ ಅವರೇ. ಆಮೇಲೆ ಅದಕ್ಕೆ ಇವತ್ತಿನ ಶಾಸ್ತ್ರೀಯ ಹೆಸರು ಕೊಟ್ಟವರು ಮುಂಡ್ಕೂರ್ ಮತ್ತು ಮೈಸೂರಿನ ಎಂ. ಜೆ. ತಿರುಮಲಾಚಾರ್. ಇವರ ಹೆಸರುಗಳು ನಮ್ಮ ಶಾಲೆಯ ಪುಸ್ತಕದಲ್ಲಿ ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನಿಸುತ್ತದೆ.

ನವಣೆ ಅಕ್ಕ

ನಾವು ಹಾವೇರಿ ಕಡೆ ಹನ್ನೆರಡು ಮಂದಿ ಹೆಣ್ಣುಮಕ್ಕಳು ಸೇರಿ ಸಿರಿಧಾನ್ಯದ ಬೀಜ ಕಾಯ್ದುಕೊಂಡು ಹಂಚುತ್ತೇವೆ. ಕಾಡಿಗೆ ಜೋಳಕ್ಕೆ ಮಾತ್ರ ಅಂದುಕೊಳ್ಳಬೇಡಿ. ನವಣೆಗೂ ಬರುತ್ತದೆ, ಅದೂ ಬೀಜದಿಂದಲೇ. ಊದಲಿಗೆ ಬರುತ್ತದೆ, ಹಾರಕಕ್ಕೆ ಬಂದರೆ ಇಡೀ ತೆನೆಯೇ ಹೋಗುತ್ತದೆ. ಈಗ ಸಿರಿಧಾನ್ಯಕ್ಕೆ ಬೇಡಿಕೆ ಬಂದು ಬೀಜ ಊರಿಂದೂರಿಗೆ, ಕೈಯಿಂದ ಕೈಗೆ ಓಡಾಡುತ್ತಿದೆ. ಬೀಜದ ಜೊತೆ ಇದೂ ಓಡಾಡುತ್ತಿದೆ. ಅದಕ್ಕೇ ನಾವು ಯಾರಿಗೆ ಬೀಜ ಕೊಟ್ಟರೂ ಹಚ್ಚಿಯೇ ಕೊಡುತ್ತೇವೆ.

ತಮ್ಮಾ, ಹಚ್ಚುವ ರೀತಿ ಹೇಳುತ್ತೇನೆ, ಯಾಕೆಂದರೆ ಕೆಲಸ ಕೆಡುವುದು ಅಲ್ಲೇ. ಮೊದಲು ಉಪ್ಪು ನೀರು. ಹತ್ತು ಲೀಟರ್ ನೀರಿಗೆ ಒಂದು ಕಿಲೋ ಉಪ್ಪು ಕರಗಿಸಿ ಬೀಜ ಸುರಿದು ಕೈಯಾಡಿಸಿ. ಜೊಳ್ಳು, ಹುಳ ತಿಂದದ್ದು, ಒಡೆಯದೆ ಉಳಿದ ಕಾಡಿಗೆ ಚೀಲ ಎಲ್ಲಾ ಮೇಲೆ ತೇಲುತ್ತದೆ. ಅದನ್ನು ತೆಗೆದು ಹಾಕಿ. ತಳದಲ್ಲಿ ನಿಂತ ಬೀಜವನ್ನು ಒಳ್ಳೆ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಉಪ್ಪು ಉಳಿದರೆ ಮೊಳಕೆಗೆ ಪೆಟ್ಟು. ಆಮೇಲೆ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ. ಹಸಿ ಬೀಜಕ್ಕೆ ಗಂಧಕ ಹಾಕಿದರೆ ಗಂಟು ಗಂಟಾಗಿ ಒಂದು ಕಾಳಿಗೆ ಹತ್ತಿ ಹತ್ತು ಕಾಳಿಗೆ ಹತ್ತುವುದಿಲ್ಲ.

ಒಂದು ಮಣ್ಣಿನ ಗಡಿಗೆ ತೆಗೆದುಕೊಳ್ಳಿ. ಮುಕ್ಕಾಲು ಮಾತ್ರ ತುಂಬಬೇಕು, ಬೀಜಕ್ಕೆ ಹೊರಳಲು ಜಾಗ ಬೇಕು. ಗಂಧಕ ಹಾಕಿ, ಬಾಯಿಗೆ ದಪ್ಪ ಬಟ್ಟೆ ಬಿಗಿದು, ಗೋಣಿ ಚೀಲದ ಮೇಲೆ ಅಡ್ಡ ಮಲಗಿಸಿ ಹತ್ತು ನಿಮಿಷ ಆಚೆ ಈಚೆ ಉರುಳಿಸಿ. ಬಿಚ್ಚಿ ಒಂದು ಹಿಡಿ ಕಾಳು ಅಂಗೈಯಲ್ಲಿ ನೋಡಿ. ಪ್ರತಿ ಕಾಳಿನ ಮೇಲೂ ತೆಳ್ಳಗೆ ಹಳದಿ ಕಂಡರೆ ಆಯಿತು. ಕಾಳಿನ ಮೂತಿಯ ಹತ್ತಿರ ಬರೀ ಬಿಳಿ ಕಂಡರೆ ಇನ್ನೂ ಉರುಳಿಸಿ. ಹಚ್ಚಿದ ಬೀಜ ಉಳಿದರೆ ತಪ್ಪಿಯೂ ಹಿಟ್ಟಿಗೆ ಹಾಕಬೇಡಿ, ಕೋಳಿಗೂ ಹಾಕಬೇಡಿ.

ಕೆಲವರು ಗೋಮೂತ್ರದಲ್ಲಿ ನೆನೆಸುತ್ತಾರೆ. ಬೇಡ ಅನ್ನುವುದಿಲ್ಲ, ಆದರೆ ನೂರಕ್ಕೆ ಹದಿನಾಲ್ಕು ಬಂದಿರುವ ಹೊಲದ ಬೀಜಕ್ಕೆ ನಾನು ಗಂಧಕವನ್ನೇ ನಂಬುತ್ತೇನೆ.

ಗದ್ದೆ ಬಯಲು

ನಡುವೆ ಬಂದದ್ದಕ್ಕೆ ಕ್ಷಮಿಸಿ, ನಮ್ಮದು ಮಂಡ್ಯ. ನಮ್ಮಲ್ಲಿ ಕಬ್ಬಿನ ಸುಳಿಯಿಂದ ಕರಿ ಚಾಟಿ ಹೊರಡುತ್ತದೆ, ಎರಡು ಮೂರು ಅಡಿ ಉದ್ದ, ಬಾಗಿ ನೇತಾಡುತ್ತಿರುತ್ತದೆ, ಮುಟ್ಟಿದರೆ ಮಸಿ. ಅದೂ ಇದೇನಾ? ಭತ್ತದಲ್ಲಿ ಕಾಳಿನ ಜಾಗದಲ್ಲಿ ಹಳದಿ ಹಸಿರು ಗುಂಡು ಬರುತ್ತದಲ್ಲ, ಅದೂ? ನಮ್ಮ ತಾತ ಅದು ಬಂದರೆ ಲಕ್ಷ್ಮಿ ಬಂದಳು, ಫಸಲು ಜೋರು ಅನ್ನುತ್ತಿದ್ದರು.

ಸೂಕ್ಷ್ಮದರ್ಶಕ

ಕಬ್ಬಿನದು ಇದರ ಅಣ್ಣತಮ್ಮನೇ, ಚಾಟಿ ಕಾಡಿಗೆ ಅನ್ನುತ್ತಾರೆ. ಅದು ಬಿತ್ತನೆ ತುಂಡಿನ ಕಣ್ಣಿನಲ್ಲಿ ಕೂತು ಬರುತ್ತದೆ. ಚಾಟಿ ಬಂದ ಹೊಲದಿಂದ ಬಿತ್ತನೆಗೆ ಕಬ್ಬು ತೆಗೆಯಬೇಡಿ, ಅದರ ಕೂಳೆಯನ್ನೂ ಬಿಡಬೇಡಿ. ಕೂಳೆಯಲ್ಲಿ ಇನ್ನೂ ಜಾಸ್ತಿ ಬರುತ್ತದೆ. ತುಂಡುಗಳನ್ನು 50 ಡಿಗ್ರಿ ಬಿಸಿ ನೀರಿನಲ್ಲಿ ಎರಡು ಗಂಟೆ ಇಟ್ಟು ನೆಡುವ ಕ್ರಮ ಇದೆ. ಚಾಟಿ ಕಂಡಲ್ಲಿ ಚೀಲ ಮುಚ್ಚಿ ಕೊಯ್ದು, ಆ ಬುಡವನ್ನೇ ಕಿತ್ತು ಸುಡಿ.

ಭತ್ತದ್ದು ಬೇರೆ. ನೋಡಲು ಕಾಡಿಗೆ ಥರ ಇದ್ದರೂ ಅದು ಬೇರೆ ಕುಲದ ಶಿಲೀಂಧ್ರ, ಹುಸಿ ಕಾಡಿಗೆ. ಲಕ್ಷ್ಮಿ ರೋಗ ಅನ್ನುವ ಹೆಸರು ಬಂದದ್ದಕ್ಕೂ ಕಾರಣ ಇದೆ. ಮಳೆ, ತೇವ, ಗೊಬ್ಬರ ಚೆನ್ನಾಗಿ ಸಿಕ್ಕಿ ಬೆಳೆ ಹುಲುಸಾಗಿರುವ ವರ್ಷವೇ ಅದಕ್ಕೂ ಹಬ್ಬ. ತಾತ ಕಂಡದ್ದು ಸುಳ್ಳಲ್ಲ. ಆದರೆ ರೋಗ ಫಸಲು ತರುವುದಿಲ್ಲ, ಒಳ್ಳೆ ಫಸಲಿನ ಹವಾಮಾನ ರೋಗವನ್ನೂ ತರುತ್ತದೆ. ಯೂರಿಯಾ ಸ್ವಲ್ಪ ಕೈ ಹಿಡಿದು ಹಾಕಿ.

ಕೂರಿಗೆ

ತಂಗೀ, ಮಣ್ಣಿನ ವಿಷಯ ತಿದ್ದಿದ್ದಕ್ಕೆ ಸಂತೋಷ. ನಮ್ಮ ಹೊಲದಲ್ಲಿ ಒಮ್ಮೆ ಇಡೀ ತೆನೆ ಗಂಟಾಗಿ ಬಂದದ್ದನ್ನು ನೋಡಿದ್ದೆ, ಅದನ್ನೇ ಎಲ್ಲದಕ್ಕೂ ಹೊಂದಿಸಿ ಹೇಳಿಬಿಟ್ಟೆ. ಗೋಧಿಯ ಕಾಡಿಗೆಯೂ ಗಂಧಕಕ್ಕೆ ಹೋಗುತ್ತದಾ? ನಾನು ಎರಡು ಸಾಲು ಜವೆ ಗೋಧಿ ಹಾಕುತ್ತೇನೆ.

ಸೂಕ್ಷ್ಮದರ್ಶಕ

ಇಲ್ಲ ಅಣ್ಣಾ, ಮೇಲೆ ಕಥೆಯಲ್ಲಿ ಬಂದ ನಾರುವ ಕಾಡಿಗೆ ಬೇರೆ, ಗೋಧಿಯ ಬಿಡಿ ಕಾಡಿಗೆ ಕೂರುವುದು ಬೀಜದ ಒಳಗೆ, ಮೊಳಕೆ ಇರುವ ಜಾಗದಲ್ಲೇ. ಹೂ ಬಿಟ್ಟಾಗ ಗಾಳಿಯಲ್ಲಿ ಬಂದ ಪುಡಿ ಹೂವಿನೊಳಗೆ ಸೇರಿ, ಕಾಳು ಕಟ್ಟುವಾಗ ಕಾಳಿನ ಒಳಗೇ ಮಲಗುತ್ತದೆ. ಬೀಜ ನೋಡಲು ತುಂಬಿದ ಚೊಕ್ಕ ಬೀಜ. ಮೇಲೆ ಏನು ಸವರಿದರೂ ಒಳಗಿನದಕ್ಕೆ ತಾಗುವುದಿಲ್ಲ. ಕಾರ್ಬಾಕ್ಸಿನ್ ಥರದ, ಬೀಜದ ಒಳಗೆ ಇಳಿಯುವ ಔಷಧಿ 1966ರಲ್ಲಿ ಬಂದ ಮೇಲೆಯೇ ಇದಕ್ಕೆ ಸುಲಭ ದಾರಿ ಸಿಕ್ಕಿದ್ದು. ಕಿಲೋಗೆ 2 ಗ್ರಾಂ ಸಾಕು.

ಅದಕ್ಕೂ ಮುಂಚೆ, 1930ರ ದಶಕದಲ್ಲಿ, ಪಂಜಾಬಿನಲ್ಲಿ ಲೂಥ್ರಾ ಎಂಬ ವಿಜ್ಞಾನಿ ಬರೀ ನೀರು ಮತ್ತು ಬಿಸಿಲಿನಲ್ಲಿ ಇದನ್ನು ಸಾಧಿಸಿದ್ದರು. ಮೇ ಜೂನ್‌ನ ಸುಡು ಬಿಸಿಲಿನ ದಿನ ಬೆಳಗ್ಗೆ ನಾಲ್ಕು ತಾಸಿನಷ್ಟು ಹೊತ್ತು ಬೀಜ ನೀರಿನಲ್ಲಿ ನೆನೆಸುವುದು, ಮಧ್ಯಾಹ್ನ ತೆಳ್ಳಗೆ ಹರಡಿ ಕೆಂಡದಂಥ ಬಿಸಿಲಿಗೆ ಒಣಗಿಸುವುದು. ನೆಂದಾಗ ಒಳಗೆ ಮಲಗಿದ್ದ ಶಿಲೀಂಧ್ರ ಎಚ್ಚರವಾಗುತ್ತದೆ, ಎಚ್ಚರವಾದದ್ದು ಆ ಬಿಸಿಗೆ ಸಾಯುತ್ತದೆ, ಬೀಜ ಉಳಿಯುತ್ತದೆ. ಒಂದು ಪೈಸೆ ಖರ್ಚಿಲ್ಲ. ಮೋಡ ಇರುವ ದಿನ ಮಾತ್ರ ಮಾಡಬೇಡಿ, ಬೀಜ ಮೊಳೆತು ಹಾಳಾಗುತ್ತದೆ.

ಎರೆಹೊಲ

ಎಲ್ಲರಿಗೂ ಕೊನೆಗೆ ಏನಾಯಿತು ಅಂತ ಹೇಳಬೇಕು ಅನಿಸಿತು.

ಮೂರು ಎಕರೆಯ ಕಾಡಿಗೆ ತೆನೆ ಪೂರ್ತಿ ತೆಗೆದೆವು, ಒಟ್ಟು ಏಳು ಚೀಲ. ನೀರು ಕುದಿಸಿ ಅದ್ದಿ, ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಹೂಳಿದೆವು. ಹೋದ ವಾರ ಅವ್ವನನ್ನು ಚಕ್ಕಡಿಯಲ್ಲಿ ಕರೆದುಕೊಂಡು ಹೋದೆ. ಬದುವಿನ ಮೇಲೆ ಕಂಬಳಿ ಹಾಸಿ ಕೂತಳು. ನಾನು ತೆನೆ ತೋರಿಸುತ್ತಾ ಹೋದೆ, ಅವಳು ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ನೋಡಿ ಇದು ಇರಲಿ, ಇದು ಬೇಡ ಅಂದಳು. ನನ್ನ ಕಣ್ಣಿಗೆ ಒಳ್ಳೆಯದಾಗಿ ಕಂಡ ಎಷ್ಟೋ ತೆನೆ ಅವಳು ಬಿಟ್ಟಳು. ಒಂದರಲ್ಲಿ ಬುಡದ ಹತ್ತಿರ ಎರಡೇ ಎರಡು ಚೀಲ ಇದ್ದವು, ನಾನು ನೋಡಿಯೇ ಇರಲಿಲ್ಲ, ಅವಳ ಬೆರಳು ನೇರ ಅಲ್ಲಿಗೇ ಹೋಯಿತು.

ಮುನ್ನೂರು ತೆನೆ ಆರಿಸಿ ಜಂತಿಗೆ ಕಟ್ಟಿದ್ದೇವೆ. ಯಂತ್ರ ಬರುವ ಮುಂಚೆಯೇ ಸೀರೆಯ ಮೇಲೆ ಬಡಿದು ಬೇರೆ ಮಾಡುತ್ತೇವೆ. ಚಿಕ್ಕಪ್ಪನೂ ಹತ್ತು ಕಿಲೋ ಕೇಳಿದ್ದಾರೆ, ಅವರಿಗೆ ಹಚ್ಚಿಯೇ ಕೊಡುತ್ತೇನೆ. ಗಂಧಕ ತಂದಾಯಿತು. ಬಿತ್ತುವ ಗಡಿಬಿಡಿಯಲ್ಲಿ ಮರೆಯಬಾರದು ಅಂತ ಆ ಪೊಟ್ಟಣವನ್ನು ಬೀಜದ ಗಡಿಗೆಯ ಕೊರಳಿಗೇ ಕಟ್ಟಿ ಇಡುತ್ತೇವೆ ಅಂತ ತಂಗಿ ಹೇಳಿದ್ದಾಳೆ.